ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ?

ನಮ್ಮ ಮನೆಯವರ ವಾಟ್ಸಾಪ್ ಗುಂಪಿನಲ್ಲಿ 23 ಜನ ಇದ್ದೇವೆ. ದಿನಾ ಬರುವುದು ಗುಡ್ ಮಾರ್ನಿಂಗ್ ಹೂವು, ಮದುವೆ ಕಾರ್ಡು, ಬ್ಯಾಡಗಿ ಮೆಣಸಿನಕಾಯಿ ರೇಟು. ಹೋದ ಭಾನುವಾರ ಮಾತ್ರ ಜೋರು ವಾದ ನಡೆಯಿತು. ಎಲ್ಲರನ್ನೂ ಕೇಳಿ, ಸ್ವಲ್ಪ ಕತ್ತರಿಸಿ ಇಲ್ಲಿ ಹಾಕುತ್ತಿದ್ದೇನೆ. "ನನ್ನ ಒಂದು ಮಾತನ್ನೂ ಕತ್ತರಿಸಬಾರದು" ಎಂದು ಕಾಕಾ ಷರತ್ತು ಹಾಕಿದ್ದಾರೆ. ಎರಡು ಕತ್ತರಿಸಿದ್ದೇನೆ.

ಪಲ್ಲವಿ ನನ್ನ ಚಿಕ್ಕಮ್ಮನ ಮಗಳು. ಉಕ್ರೇನಿನ ಖಾರ್ಕಿವ್‌ನಲ್ಲಿ ಎಂಬಿಬಿಎಸ್ ಓದುತ್ತಿದ್ದವಳು, ರಷ್ಯಾ ಯುದ್ಧ ಶುರು ಮಾಡಿದ ಮೇಲೆ 2022ರ ಮಾರ್ಚ್‌ನಲ್ಲಿ ಮನೆಗೆ ಬಂದಳು. ಶುರು ಮಾಡಿದ್ದು ಅವಳೇ.

ಪಲ್ಲವಿ: [ಫೋಟೋ] ಇದು ನಮ್ಮ ಲಾಂಗ್ವೇಜ್ ಟೀಚರ್ ಕಳಿಸಿದ್ದು. ಈಗ ಪಶ್ಚಿಮ ಉಕ್ರೇನಿನ ಲ್ವಿವ್‌ನಲ್ಲಿದ್ದಾರೆ. ಊರು ಬಿಟ್ಟು ಬಂದ ಮಕ್ಕಳಿಗೆ ಲೈಬ್ರರಿಯಲ್ಲಿ ಕಥೆ ಓದಿಸುತ್ತಾರೆ. ಉಕ್ರೇನಿಯನ್ ಕಥೆ ಪುಸ್ತಕಗಳಿಗೆ ದುಡ್ಡು ಕೂಡಿಸುತ್ತಿದ್ದಾರೆ. ನಾನು ಎರಡು ಸಾವಿರ ಕಳಿಸಿದೆ. ಯಾರಿಗಾದರೂ ಮನಸ್ಸಿದ್ದರೆ ಹೇಳಿ.

ಗುರಣ್ಣ ಕಾಕಾ: ಪಲ್ಲವಿ, ನಿನ್ನ ಮನಸ್ಸು ಒಳ್ಳೆಯದು. ಆದರೆ ಬಾಂಬ್ ಬೀಳುವ ಊರಿಗೆ ಕಥೆ ಪುಸ್ತಕವಾ? ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂ ಅಂದ ಹಾಗಾಯಿತು. ಔಷಧಿಗೆ ಕಳಿಸು, ಜನರೇಟರ್‌ಗೆ ಕಳಿಸು. ನಾನೂ ಕೊಡುತ್ತೇನೆ.

ವಿದ್ಯಾ ಅತ್ತಿ: 👍

ಪಲ್ಲವಿ: ಕಾಕಾ, ಫೋಟೋ ದೊಡ್ಡದು ಮಾಡಿ ನೋಡಿ. ಮಕ್ಕಳ ಹಿಂದೆ ಹೆಂಗಸರು ಹಳೆ ಬಟ್ಟೆಯನ್ನು ಪಟ್ಟಿ ಪಟ್ಟಿ ಹರಿದು ಬಲೆಗೆ ಕಟ್ಟುತ್ತಿದ್ದಾರಲ್ಲ, ಅದು ಸೈನ್ಯದ ಗಾಡಿಗಳನ್ನು ಮರೆಮಾಡುವ ಬಲೆ. ಅದೇ ಲೈಬ್ರರಿ, ಅದೇ ಟೇಬಲ್ಲು.

ಗುರಣ್ಣ ಕಾಕಾ: ಹಾಗಿದ್ದರೆ ಬಲೆಗೇ ಕೊಡೋಣ.

(ಕಾಕಾ ಬ್ಯಾಂಕ್ ಮ್ಯಾನೇಜರ್ ಆಗಿ ರಿಟೈರ್ ಆದವರು. ಸಾಲದ ಅರ್ಜಿ ಓದಿದ ಹಾಗೆಯೇ ಮೆಸೇಜು ಓದುತ್ತಾರೆ.)

ಕಿರಣ: ನಾನು ಪೋಲೆಂಡಿನ ಕ್ರಾಕೋವ್‌ನಿಂದ ಹೇಳುತ್ತಿದ್ದೇನೆ. ಈ ವಾದ ಉಕ್ರೇನಿನಲ್ಲೇ ಆಗಿದೆ. ಯುದ್ಧದ ಮಧ್ಯೆ ಮ್ಯೂಸಿಯಂ ಕಟ್ಟಡಕ್ಕೆ ಸರ್ಕಾರದ ದುಡ್ಡು ಯಾಕೆ ಎಂದು ಜನ ಸಿಟ್ಟಾದರು. 2023ರ ಜುಲೈನಲ್ಲಿ ಸಂಸ್ಕೃತಿ ಮಂತ್ರಿ ರಾಜೀನಾಮೆ ಕೊಟ್ಟರು. ಕಲ್ಲುಹಾಸು, ಕಾರಂಜಿ, ಅಲಂಕಾರ ಎಲ್ಲ ಆಮೇಲೆ ಎಂದು ಝೆಲೆನ್‌ಸ್ಕಿಯೇ ಹೇಳಿದರು.

ಗುರಣ್ಣ ಕಾಕಾ: ನೋಡಿದೆಯಾ! ಅವರ ಅಧ್ಯಕ್ಷರೂ ನನ್ನ ಪಾರ್ಟಿ.

ಪಲ್ಲವಿ: ಕಿರಣಣ್ಣ, ನೀನು ಯಾರ ಕಡೆ?

ಕಿರಣ: ನಿನ್ನ ಕಡೆಯೇ. ಆದರೆ ಕಾಕಾ ಅರ್ಧ ಸರಿ ಇದ್ದಾರೆ. ಕಾರಂಜಿಗೆ ನಾನೂ ಕೊಡಲ್ಲ. ಪುಸ್ತಕದ ಲೆಕ್ಕ ಬೇರೆ.

ಗುರಣ್ಣ ಕಾಕಾ: ಏನು ಬೇರೆ? ನಮ್ಮ ಜಿಲ್ಲೆಯ ಹುಡುಗ ಅದೇ ಖಾರ್ಕಿವ್‌ನಲ್ಲಿ ಮಾರ್ಚ್ 1ನೇ ತಾರೀಖು ತೀರಿಕೊಂಡ. ತಿನ್ನುವ ಸಾಮಾನು ತರಲು ಹೊರಗೆ ಹೋಗಿದ್ದ. ಅವನು ಪುಸ್ತಕ ತರಲು ಹೋಗಿರಲಿಲ್ಲ.

ಇದಾದ ಮೇಲೆ ನಲವತ್ತು ನಿಮಿಷ ಗುಂಪು ಸುಮ್ಮನಿತ್ತು. ಆ ಮನೆಗೆ ಹೋಗಿ ಬಂದವರು ನಮ್ಮಲ್ಲೂ ಇದ್ದಾರೆ. ಕಾಕಾ ಈ ಮಾತನ್ನು ವಾದಕ್ಕೆ ತರಬಾರದಿತ್ತು ಎಂದು ನನಗೆ ಆಗಲೂ ಅನ್ನಿಸಿತು, ಈಗಲೂ ಅನ್ನಿಸುತ್ತದೆ. ಆದರೆ ಅವರು ಹೇಳಿದ್ದು ಸುಳ್ಳಲ್ಲ.

ಪಲ್ಲವಿ: ಕಾಕಾ, ಆ ದಿನ ನಾನು ಮೆಟ್ರೋ ಸ್ಟೇಷನ್ ಒಳಗೆ ಇದ್ದೆ. ಸುದ್ದಿ ನಮಗೆ ಗೊತ್ತಾಗಿದ್ದು ಅಲ್ಲೇ. ಹೊಟ್ಟೆಯ ಮಾತು ನನಗೆ ಹೇಳಬೇಡಿ. ಒಂದು ಬಿಸ್ಕೆಟ್ ಪೊಟ್ಟಣ ನಾಲ್ಕು ಜನ ತಿಂದಿದ್ದೇವೆ.

ಪಲ್ಲವಿ: ನಮ್ಮ ಪಕ್ಕ ಒಬ್ಬ ಅಜ್ಜಿ ಕೂತಿದ್ದರು. ಮನೆ ಬಿಟ್ಟು ಓಡಿ ಬರುವಾಗ ಒಂದು ಬಿಳಿ ಬಟ್ಟೆ, ಕೆಂಪು ಕಪ್ಪು ದಾರದ ಉಂಡೆ ತಂದಿದ್ದರು. ಕಂಬಕ್ಕೆ ಒರಗಿ ಹೊಲಿಯುತ್ತಿದ್ದರು. ಸದ್ದು ಬಂದಾಗ ಸೂಜಿ ನಿಲ್ಲುತ್ತಿತ್ತು. ಆಮೇಲೆ ಮತ್ತೆ ಶುರು. ಎರಡನೇ ದಿನ ನನ್ನ ಕೈ ನಡುಗುತ್ತಿತ್ತು. ಅವರು ನೋಡಿ ಸೂಜಿ ನನ್ನ ಕೈಗೆ ಕೊಟ್ಟರು. ಬಟ್ಟೆಯ ತುದಿಯಲ್ಲಿ ನಾನು ಒಂದು ಹಕ್ಕಿ ಶುರು ಮಾಡಿದೆ. ಅರ್ಧಕ್ಕೆ ನಿಂತಿತು. ಲ್ವಿವ್ ಟ್ರೇನ್ ಹಿಡಿಯಲು ಹೊರಟಾಗ ಬಟ್ಟೆ ನನಗೇ ಕೊಟ್ಟರು.

ಪಲ್ಲವಿ: ಆ ಎರಡು ದಿನ ನನ್ನ ತಲೆ ಕೆಡದೆ ಉಳಿದಿದ್ದು ಬಿಸ್ಕೆಟ್‌ನಿಂದ ಅಲ್ಲ.

ದೊಡ್ಡವ್ವ: ಬಟ್ಟೆ ಇನ್ನೂ ಐತೇನು? ಫೋಟೋ ಹಾಕು.

(ದೊಡ್ಡವ್ವ ಗುಂಪಿನಲ್ಲಿ ಬರೆದದ್ದು ವರ್ಷದಲ್ಲಿ ಇದು ಎರಡನೇ ಸಲ.)

ಪಲ್ಲವಿ: ಹಾಸ್ಟೆಲ್ ಕಪಾಟಿನಲ್ಲಿದೆ ದೊಡ್ಡವ್ವ. ರಾತ್ರಿ ಹಾಕುತ್ತೇನೆ.

ಗುರಣ್ಣ ಕಾಕಾ: ಇದೆಲ್ಲ ನನ್ನ ಮನಸ್ಸಿಗೂ ತಾಗುತ್ತೆ. ಆದರೂ ರಷ್ಯಾ ನಮ್ಮ ಹಳೆಯ ಸ್ನೇಹಿತ. 1971ರ ಯುದ್ಧದಲ್ಲಿ ನಮ್ಮ ಜೊತೆ ನಿಂತ ದೇಶ. ಕಾಲೇಜಿನಲ್ಲಿ ನಾನು ಓದಿದ್ದೆಲ್ಲ ಅವರ ಪುಸ್ತಕ. ನುಣುಪು ಕಾಗದ, ಬಣ್ಣದ ಚಿತ್ರ, ಎರಡು ಮೂರು ರೂಪಾಯಿಗೆ ಸಿಗುತ್ತಿತ್ತು. ಅಜ್ಜನ ಕೈಗವಸು ಹಿಮದಲ್ಲಿ ಬೀಳುತ್ತೆ, ಒಳಗೆ ಇಲಿ ಬಂದು ಕೂರುತ್ತೆ, ಕಪ್ಪೆ ಬರುತ್ತೆ, ಮೊಲ, ನರಿ, ತೋಳ, ಕೊನೆಗೆ ಕರಡಿ. ಪಲ್ಲವಿಗೆ ಚಿಕ್ಕವಳಿದ್ದಾಗ ನಾನೇ ಹೇಳಿದ್ದೇನೆ. ಆ ರಷ್ಯಾದ ಕಥೆ ನೆನಪಿದೆಯಾ?

ಪಲ್ಲವಿ: ನೆನಪಿದೆ ಕಾಕಾ. ಅದು ಉಕ್ರೇನಿನ ಕಥೆ.

ಗುರಣ್ಣ ಕಾಕಾ: ಅಲ್ಲ. ರಷ್ಯಾದ ಪುಸ್ತಕದಲ್ಲಿತ್ತು.

ಪಲ್ಲವಿ: ಪುಸ್ತಕ ಸೋವಿಯತ್ತಿನದು. ಕಥೆ ಉಕ್ರೇನಿನದು. ರಷ್ಯಾದ ಜನರ ಹತ್ತಿರ ಇದೇ ಥರದ್ದು ಬೇರೆ ಕಥೆ ಇದೆ, ಅದರಲ್ಲಿ ಪ್ರಾಣಿಗಳು ಸೇರುವುದು ಪುಟ್ಟ ಮನೆಯಲ್ಲಿ. ಕೈಗವಸು ಉಕ್ರೇನಿನವರದು. ಅಲ್ಲಿ ಅಂಗನವಾಡಿ ವಯಸ್ಸಿನ ಮಕ್ಕಳಿಗೂ ಬಾಯಿಪಾಠ.

ಕಿರಣ: 1971ರಲ್ಲಿ ನಿಂತಿದ್ದೂ ಸೋವಿಯತ್ ಒಕ್ಕೂಟ ಕಾಕಾ. ಉಕ್ರೇನ್ ಆಗ ಅದರ ಒಳಗೇ ಇತ್ತು.

ಪಲ್ಲವಿ: ನೀವು ಐವತ್ತು ವರ್ಷ ಆ ಕಥೆಯನ್ನು ರಷ್ಯಾದ್ದು ಅಂದುಕೊಂಡಿರಿ. ನಿಮ್ಮ ತಪ್ಪಲ್ಲ. ಹಾಗೇ ಕಾಣುವ ಹಾಗೆ ನಡೆದುಬಂದಿದೆ. 1863ರಲ್ಲಿ ರಷ್ಯಾದ ಚಕ್ರವರ್ತಿ ತ್ಸಾರನ ಮಂತ್ರಿ ಉಕ್ರೇನಿಯನ್ ಅನ್ನುವ ಭಾಷೆಯೇ ಇಲ್ಲ, ಇರುವುದಕ್ಕೂ ಸಾಧ್ಯವಿಲ್ಲ ಎಂದು ಆದೇಶ ಬರೆದ. 1876ರಲ್ಲಿ ತ್ಸಾರ ಆ ಭಾಷೆಯ ಪುಸ್ತಕಗಳ ಅಚ್ಚನ್ನೇ ಹೆಚ್ಚುಕಡಿಮೆ ನಿಲ್ಲಿಸಿದ. 1930ರ ದಶಕದಲ್ಲಿ ಒಂದು ಇಡೀ ತಲೆಮಾರಿನ ಲೇಖಕರನ್ನು ಕೊಂದರು. 2021ರಲ್ಲಿ ಪುಟಿನ್ ಉದ್ದನೆಯ ಲೇಖನ ಬರೆದು ರಷ್ಯಾದವರೂ ಉಕ್ರೇನಿನವರೂ ಒಂದೇ ಜನ ಅಂದರು. ಮುಂದಿನ ವರ್ಷ ಟ್ಯಾಂಕ್ ಬಂತು. ಅದಕ್ಕೇ ನಾನು ಇದನ್ನು ಜುಟ್ಟಿನ ಮಲ್ಲಿಗೆ ಅನ್ನಲ್ಲ.

ಪಲ್ಲವಿ: ನಾಚಿಕೆಯ ಮಾತು ಒಂದು ಹೇಳುತ್ತೇನೆ. ನಾನು ಅಲ್ಲಿ ಇದ್ದಷ್ಟು ದಿನ ಕಲಿತದ್ದು ರಷ್ಯನ್. ಖಾರ್ಕಿವ್ ಆಸ್ಪತ್ರೆಯಲ್ಲಿ ರೋಗಿಗಳು ಅದನ್ನೇ ಆಡುತ್ತಿದ್ದರು. "ಎಲ್ಲಿ ನೋವು" ಎಂದು ಉಕ್ರೇನಿಯನ್‌ನಲ್ಲಿ ಕೇಳಲು ನನಗೆ ಇವತ್ತಿಗೂ ಬರಲ್ಲ. ಪಾಠ ಹೇಳಿದ ಟೀಚರ್ ಮನೆಭಾಷೆಯೂ ರಷ್ಯನ್ನೇ. ಈಗ ಅವರು ಮೊಮ್ಮಗನ ಜೊತೆ ಉಕ್ರೇನಿಯನ್ ಮಾತ್ರ ಆಡುತ್ತಾರೆ. ತಡವರಿಸುತ್ತಾರಂತೆ, ಮೊಮ್ಮಗ ತಿದ್ದುತ್ತಾನಂತೆ.

ವಿದ್ಯಾ ಅತ್ತಿ: ಎಲ್ಲಾ ಸರಿ ಪಲ್ಲವಿ. ಆದರೆ ಉಕ್ರೇನಿನವರೂ ರಷ್ಯಾದ ಪುಷ್ಕಿನ್ ಮೂರ್ತಿ ಕಿತ್ತು ಹಾಕುತ್ತಿದ್ದಾರಲ್ಲ. ಕವಿ ಏನು ಮಾಡಿದ ಪಾಪ?

ಪಲ್ಲವಿ: ಅತ್ತಿ, ಖಾರ್ಕಿವ್‌ನ ಮೂರ್ತಿಯನ್ನೂ 2022ರ ನವೆಂಬರ್‌ನಲ್ಲಿ ತೆಗೆದರು. ನನಗೂ ಅದು ಪೂರ್ತಿ ಒಪ್ಪಿಗೆ ಇಲ್ಲ. ಆದರೆ ಉಕ್ರೇನಿನ ಖೆರ್ಸಾನ್ ಊರನ್ನು ಹಿಡಿದಾಗ ರಷ್ಯಾದವರು ಬೀದಿಯಲ್ಲಿ ಪುಷ್ಕಿನ್ ಚಿತ್ರದ ದೊಡ್ಡ ಬೋರ್ಡುಗಳನ್ನು ನಿಲ್ಲಿಸಿದರು, ಈ ಊರು ನಮ್ಮದು ಎಂದು ತೋರಿಸಲು. ಬಿಟ್ಟು ಹೋಗುವಾಗ ಆ ಊರಿನ ಕಲಾ ಮ್ಯೂಸಿಯಂನಿಂದ ಸಾವಿರಾರು ಚಿತ್ರಗಳನ್ನು ಲಾರಿಗೆ ತುಂಬಿಕೊಂಡು ಹೋದರು. ಕವಿಯನ್ನು ಯುದ್ಧಕ್ಕೆ ಎಳೆದವರು ಯಾರು ಅಂತ ನೀವೇ ಹೇಳಿ.

ವಿದ್ಯಾ ಅತ್ತಿ: ಹ್ಮ್.

ಕಿರಣ: 2025ರ ಫೆಬ್ರವರಿ ಹೊತ್ತಿಗೆ ಉಕ್ರೇನಿನಲ್ಲಿ ಹಾನಿಯಾಗಿದೆ ಎಂದು ಯುನೆಸ್ಕೋ ತಾನೇ ಪರಿಶೀಲಿಸಿದ ಜಾಗಗಳ ಲೆಕ್ಕ 470 ದಾಟಿತ್ತು. ಚರ್ಚು, ಮ್ಯೂಸಿಯಂ, ಲೈಬ್ರರಿ, ಸ್ಮಾರಕ ಎಲ್ಲ ಸೇರಿ. ಪುಸ್ತಕ ಅಂದಿರಲ್ಲ ಕಾಕಾ, 2024ರ ಮೇ 23ರಂದು ಖಾರ್ಕಿವ್‌ನ ದೊಡ್ಡ ಪ್ರಿಂಟಿಂಗ್ ಪ್ರೆಸ್ ಮೇಲೆ ಕ್ಷಿಪಣಿ ಬಿತ್ತು. ಏಳು ಕೆಲಸಗಾರರು ಸತ್ತರು. ಸುಮಾರು 50,000 ಪುಸ್ತಕ ಸುಟ್ಟವು.

ಗುರಣ್ಣ ಕಾಕಾ: ಏಳು ಜನ ಸತ್ತರಲ್ಲ, ಅದು ನನಗೆ ದೊಡ್ಡದು. ಪುಸ್ತಕ ಮತ್ತೆ ಅಚ್ಚು ಹಾಕಬಹುದು.

(ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಪಲ್ಲವಿ ಕೂಡ ನೇರ ಉತ್ತರ ಕೊಡಲಿಲ್ಲ.)

ಪಲ್ಲವಿ: ಕಾಕಾ, ವೊಲೊದಿಮಿರ್ ವಕುಲೆಂಕೊ ಅಂತ ಒಬ್ಬರಿದ್ದರು. ಮಕ್ಕಳ ಕಥೆ ಬರೆಯುತ್ತಿದ್ದರು. ಇಝ್ಯುಮ್ ಹತ್ತಿರದ ಹಳ್ಳಿ. ರಷ್ಯಾದ ಸೈನ್ಯ ಊರಿಗೆ ಬಂದಾಗ ದಿನಚರಿ ಬರೆದರು. ಹಿಡಿಯಲು ಬರುತ್ತಾರೆ ಅನ್ನಿಸಿದಾಗ ಅದನ್ನು ಮನೆಯ ಚೆರ್ರಿ ಮರದ ಕೆಳಗೆ ಹೂತು, ನಮ್ಮವರು ಬಂದಾಗ ಕೊಡು ಎಂದು ಅಪ್ಪನಿಗೆ ಹೇಳಿದರು. 2022ರ ಮಾರ್ಚ್‌ನಲ್ಲಿ ಹಿಡಿದುಕೊಂಡು ಹೋದರು, ಕೊಂದರು. ಊರು ಬಿಡುಗಡೆ ಆದ ಮೇಲೆ ಸೆಪ್ಟೆಂಬರ್‌ನಲ್ಲಿ ಅವರ ಅಪ್ಪನೂ ವಿಕ್ಟೋರಿಯಾ ಅಮೆಲಿನಾ ಅನ್ನುವ ಲೇಖಕಿಯೂ ಮರದ ಬುಡ ಅಗೆದು ಆ ಹಾಳೆಗಳನ್ನು ತೆಗೆದರು. ಮರುವರ್ಷ ಕ್ರಮತೋರ್ಸ್ಕ್‌ನ ರೆಸ್ಟೋರೆಂಟ್ ಮೇಲೆ ಬಿದ್ದ ಕ್ಷಿಪಣಿಗೆ ಅಮೆಲಿನಾ ಕೂಡ ಬಲಿಯಾದರು.

ಪಲ್ಲವಿ: ಮನೆಯಲ್ಲಿ ಹೂತಿಡುವುದಕ್ಕೆ ಬೇರೆ ಏನೂ ಇರಲಿಲ್ಲವಾ ಅವರಿಗೆ? ಕಾಗದ ಹೂತರು.

ಗುರಣ್ಣ ಕಾಕಾ: ಅಪ್ಪ ಇನ್ನೂ ಇದ್ದರಾ ಅಗೆಯುವಾಗ.

ಪಲ್ಲವಿ: ಇದ್ದರು ಕಾಕಾ.

ಕಾಕಾ ಮತ್ತೆ ಬಂದಿದ್ದು ಊಟ ಆದ ಮೇಲೆ, ಒಂಬತ್ತೂವರೆಗೆ.

ಗುರಣ್ಣ ಕಾಕಾ: ನನ್ನ ಅಭಿಪ್ರಾಯ ಬದಲಾಗಿಲ್ಲ. ಮೊದಲು ಜನರೇಟರ್, ಔಷಧಿ. ಮೂರು ಸಾವಿರ ಔಷಧಿಗೆ, ಒಂದು ಸಾವಿರ ಪುಸ್ತಕಕ್ಕೆ. ಪಲ್ಲವಿ, ಆ ಟೀಚರ್ ತರುವ ಪುಸ್ತಕದಲ್ಲಿ ಕೈಗವಸಿನದು ಇರಬೇಕು. ಇಲ್ಲದಿದ್ದರೆ ಸಾವಿರ ವಾಪಸ್.

ಪಲ್ಲವಿ: 😄 ಹೇಳುತ್ತೇನೆ ಕಾಕಾ.

ಪಲ್ಲವಿ: [ಫೋಟೋ] ದೊಡ್ಡವ್ವ, ಇಗೋ ಬಟ್ಟೆ.

ದೊಡ್ಡವ್ವ: ಇದು ನಮ್ಮ ಮೆಂತಿ ಹೊಲಿಗೆ ಅಲ್ಲೇನ? ಕಸೂತಿಯಲ್ಲಿ ಹಾಕ್ತೀವಲ್ಲ, ಗುಣಾಕಾರದ ಗುರುತಿನಂಗೆ, ಅದೇ. ಅವರೂ ಎಳೆ ಎಣಿಸೇ ಹಾಕ್ತಾರ?

ಪಲ್ಲವಿ: ಹೌದು, ಎಣಿಸೇ. ಅಜ್ಜಿ ಬೆರಳಿನಿಂದ ತೋರಿಸುತ್ತಿದ್ದರು. ನನಗೆ ಅವರ ಉಕ್ರೇನಿಯನ್ ಬರುತ್ತಿರಲಿಲ್ಲ.

ದೊಡ್ಡವ್ವ: ಹಿಂದಿನ ಮಗ್ಗಲು ತೋರಿಸು.

ಪಲ್ಲವಿ: [ಫೋಟೋ]

ದೊಡ್ಡವ್ವ: ಅಜ್ಜಿ ಹಾಕಿದ್ದರಲ್ಲಿ ಒಂದು ಗಂಟೂ ಇಲ್ಲ. ನಿನ್ನ ಹಕ್ಕಿ ತುಂಬ ಗಂಟು. ಬೆಳಕು ಇರಲಿಲ್ಲೇನು ಅಲ್ಲಿ?

ಪಲ್ಲವಿ: ರಾತ್ರಿ ದೀಪ ಕಡಿಮೆ ಮಾಡುತ್ತಿದ್ದರು ದೊಡ್ಡವ್ವ.

ದೊಡ್ಡವ್ವ: ಹಬ್ಬಕ್ಕೆ ಬರುವಾಗ ತಗೊಂಡು ಬಾ. ಕೆಂಪು ದಾರ ನನ್ನ ಹತ್ತಿರ ಐತಿ.