ಮೈಕ್ರೋವೇವ್ ಕಡಲೆ ಮಿಠಾಯಿ: ಚಿಕ್ಕಮಗಳೂರಿನ ಎತ್ತರಕ್ಕೆ ಪಾಕ ಬೇರೆಯಾ?

ಗಿರಿತಪ್ಪಲು, ಚಿಕ್ಕಮಗಳೂರು:
ಅಮೆರಿಕದಲ್ಲಿರುವ ಅಕ್ಕ ಹೇಳಿದ ಅಳತೆಯಲ್ಲಿ ಮೈಕ್ರೋವೇವ್ ಕಡಲೆ ಮಿಠಾಯಿ ಮಾಡಿದೆ. ಒಂದು ಕಪ್ ಸಕ್ಕರೆ, ಒಂದು ಕಪ್ ಹಸಿ ಕಡಲೆಬೀಜ, ಅರ್ಧ ಕಪ್ ಲಿಕ್ವಿಡ್ ಗ್ಲೂಕೋಸ್, ಚಿಟಿಕೆ ಉಪ್ಪು. ಗಾಜಿನ ಬಟ್ಟಲಲ್ಲಿ ಕಲಸಿ 4 ನಿಮಿಷ ಇಟ್ಟೆ. ತಿರುವಿ ಮತ್ತೆ 4 ನಿಮಿಷ. ಆಮೇಲೆ ಒಂದು ಚಮಚ ಬೆಣ್ಣೆ, ಸ್ವಲ್ಪ ವೆನಿಲಾ ಹಾಕಿ ಇನ್ನೆರಡು ನಿಮಿಷ. ಕೊನೆಗೆ ಒಂದು ಚಮಚ ಅಡುಗೆ ಸೋಡಾ. ಬುಸ್ಸೆಂದು ನೊರೆ ಏರುತ್ತದೆ. ಆಗಲೇ ಬೆಣ್ಣೆ ಸವರಿದ ತಟ್ಟೆಗೆ ಸುರಿದುಬಿಡಬೇಕು.

ಮೊದಲ ಸಲ ಹೊರಗೆ ತೆಗೆದು ಥರ್ಮಾಮೀಟರ್ ಇಟ್ಟು ನೋಡಿದಾಗ 150 ಡಿಗ್ರಿ ಇತ್ತು. ನಡುವಿನ ಕಡಲೆ ಕಪ್ಪಾಗಿ ಕಹಿ ಬಂತು. ಎರಡನೇ ಸಲ 146ಕ್ಕೇ ನಿಲ್ಲಿಸಿದೆ. ಗಾಜಿನಂತೆ ಮುರಿಯಿತು. ನಮ್ಮ ಊರಿನ ಎತ್ತರಕ್ಕೆ 150 ಜಾಸ್ತಿ, ಅಷ್ಟೇ. ಇನ್ನು ಒಲೆ ಮುಂದೆ ನಿಲ್ಲುವ ಕೆಲಸ ಇಲ್ಲ.

ಹಾಸನದ ಅಡುಗೆಮನೆ:
"ಒಲೆ ಮುಂದೆ ನಿಲ್ಲುವ ಕೆಲಸ ಇಲ್ಲ" ಅಂದರೆ ಪಾಕ ನೋಡುವ ಕೆಲಸವೂ ಇಲ್ಲ ಅಂತ ಆಯಿತು. ಅಲ್ಲೇ ತಪ್ಪಿದ್ದು. ನಾವು ಒಂದು ಬಟ್ಟಲು ತಣ್ಣೀರು ಪಕ್ಕದಲ್ಲಿ ಇಟ್ಟುಕೊಳ್ಳುತ್ತೇವೆ. ಒಂದು ತೊಟ್ಟು ಪಾಕ ಬಿಡುತ್ತೇವೆ. ಮೊದಲು ನೀರಲ್ಲಿ ಕರಗಿ ಹರಡುತ್ತದೆ. ಆಮೇಲೆ ಬೆರಳಿಗೆ ಮೆತ್ತಗೆ ಉಂಡೆ ಸಿಗುತ್ತದೆ. ಇನ್ನೂ ಸ್ವಲ್ಪ ಹೊತ್ತಿಗೆ ಆ ಉಂಡೆ ತೆಗೆದು ಸ್ಟೀಲ್ ತಟ್ಟೆಗೆ ಹಾಕಿದರೆ ಟಣ್ ಅನ್ನುತ್ತದೆ. ಆ ಸದ್ದು ಬಂದರೆ ಇಳಿಸಬೇಕು. ಇದಕ್ಕೆ ಯಾವ ಥರ್ಮಾಮೀಟರ್ ಬೇಕು?

ಅರಸೀಕೆರೆ ತೆಂಗು:
"ಕಡಲೆ ಮಿಠಾಯಿ" ಅಂತ ಹೆಸರಿಟ್ಟು ಸಕ್ಕರೆ, ಗ್ಲೂಕೋಸ್, ವೆನಿಲಾ! ಕಡಲೆ ಮಿಠಾಯಿ ಅಂದರೆ ಬೆಲ್ಲ. ಇದಕ್ಕೆ ಬೇರೆ ಹೆಸರು ಹುಡುಕಿ.

ಗಿರಿತಪ್ಪಲು, ಚಿಕ್ಕಮಗಳೂರು:
ಬೆಲ್ಲ ಬೇಡ ಅಂತ ನಾನು ಎಲ್ಲಿ ಹೇಳಿದೆ? ಸಂಕ್ರಾಂತಿಗೆ ನಮ್ಮ ಮನೆಯಲ್ಲೂ ಬೆಲ್ಲದ್ದೇ. ಇದು ಬೇರೆ ತಿನಿಸು. ಸೋಡಾ ಗುಳ್ಳೆಗಳಿಂದ ಹಗುರಾಗಿ, ಹಲ್ಲಿಗೆ ಅಂಟದೆ ಮುರಿಯುತ್ತದೆ. ಹಾಸನದವರಿಗೆ ಒಂದು ಮಾತು. ನೀವು ಪಾಕವನ್ನು ನೀರಿಗೆ ಬಿಟ್ಟು, ಉಂಡೆ ಮಾಡಿ, ತಟ್ಟೆಗೆ ಹಾಕುವಷ್ಟರಲ್ಲಿ ಬಾಣಲೆಯಲ್ಲಿರುವ ಪಾಕ ಮುಂದಕ್ಕೆ ಹೋಗಿರುತ್ತದೆ. ಅದಕ್ಕೇ ಅಳತೆ ಬೇಕು ಅನ್ನುವುದು.

ಹಾಸನದ ಅಡುಗೆಮನೆ:
ಉರಿ ಆರಿಸಿ ನೋಡುತ್ತೇವೆ, ಅಷ್ಟೂ ಗೊತ್ತಿಲ್ಲವಾ? ಇರಲಿ. "ನಮ್ಮ ಊರಿನ ಎತ್ತರಕ್ಕೆ" ಅಂದಿರಲ್ಲ, ಇದೇನು ಹೊಸ ಕಥೆ? ಸಕ್ಕರೆಗೆ ಊರು ಗೊತ್ತಾಗುತ್ತದಾ? ಗಟ್ಟಿ ಪಾಕ ಅಂದರೆ 149ರಿಂದ 154 ಡಿಗ್ರಿ. ಎಲ್ಲಾ ಕಡೆ ಅದೇ.

ಮೇಷ್ಟ್ರು, ಕಡೂರು:
ಸಕ್ಕರೆಗೆ ಊರು ಗೊತ್ತಾಗುವುದಿಲ್ಲ, ಪಾಕದಲ್ಲಿರುವ ನೀರಿಗೆ ಗೊತ್ತಾಗುತ್ತದೆ. ಚಿಕ್ಕಮಗಳೂರು ಸಮುದ್ರ ಮಟ್ಟದಿಂದ ಸುಮಾರು 1,090 ಮೀಟರ್ ಮೇಲಿದೆ. ಅಲ್ಲಿ ಗಾಳಿಯ ಒತ್ತಡ ಕಮ್ಮಿ, ನೀರು 100ಕ್ಕಲ್ಲ, 96 ಚಿಲ್ಲರೆಗೇ ಕುದಿಯುತ್ತದೆ. ಪಾಕದ ಶಾಖ ಏರುವುದೇ ನೀರು ಆವಿಯಾಗಿ ಹೋದ ಹಾಗೆ. ಹಾಗಾಗಿ ಅಷ್ಟೇ ಗಟ್ಟಿಯ ಪಾಕ ಅಲ್ಲಿ ಮೂರು ನಾಲ್ಕು ಡಿಗ್ರಿ ಕೆಳಗೇ ಸಿಗುತ್ತದೆ. ಅಮೆರಿಕದ ಅಡುಗೆಯವರೂ ಪ್ರತಿ 500 ಅಡಿಗೆ ಒಂದು ಫ್ಯಾರನ್‌ಹೀಟ್ ಡಿಗ್ರಿ ಇಳಿಸುತ್ತಾರೆ. ತಪ್ಪಲಿನವರ 146 ಸರಿ ಇದೆ.

ಹಾಸನದ ಅಡುಗೆಮನೆ:
"ಅಮೆರಿಕದ ಅಡುಗೆಯವರೂ" ಅಂತೆ! ಹಾಸನ ಏನು ಸಮುದ್ರದ ದಡದಲ್ಲಿದೆಯಾ? ನಮ್ಮದೂ ಸಾವಿರ ಮೀಟರ್‌ಗೆ ಸ್ವಲ್ಪ ಕಮ್ಮಿ, ಅಷ್ಟೇ. ನಾನು 150ರಲ್ಲಿ ತೆಗೆದರೂ ಕಪ್ಪಾಗಿಲ್ಲ. ಹಾಗಾದರೆ ನಿಮ್ಮ ಎತ್ತರದ ಮಾತು ಸುಳ್ಳು ಅಲ್ವಾ?

ಗಿರಿತಪ್ಪಲು, ಚಿಕ್ಕಮಗಳೂರು:
ಆಗಲೇ "ಯಾವ ಥರ್ಮಾಮೀಟರ್ ಬೇಕು" ಅಂದವರು ಈಗ 150ರಲ್ಲಿ ತೆಗೆದೆ ಅನ್ನುತ್ತಿದ್ದೀರಿ. ಯಾವುದರಲ್ಲಿ ಅಳೆದಿರಿ?

ಹಾಸನದ ಅಡುಗೆಮನೆ:
ಮಗಳು ಕೇಕ್ ಮಾಡುತ್ತಾಳೆ, ಅವಳದ್ದಿದೆ. ಬೇಕು ಅಂತಿಲ್ಲ, ಇದೆ. ಎರಡೂ ಬೇರೆ ಮಾತು. ಸುಮ್ನೆ ಮಾತು ಹಿಡಿದು ಎಳೆಯಬೇಡಿ.

ಸಕಲೇಶಪುರ ಮಳೆ:
ನನ್ನದೊಂದು ಪ್ರಶ್ನೆ. ಮಳೆಗಾಲದಲ್ಲಿ ಮಾಡಿದರೆ ಅರ್ಧ ದಿನಕ್ಕೆ ಜಿಗುಟಾಗುತ್ತದೆ. ಏನು ಮಾಡಬೇಕು? ಇನ್ನೊಂದು ವಿಷಯ. ಬಿಸಿ ಬಟ್ಟಲನ್ನು ಒದ್ದೆ ಗ್ರಾನೈಟ್ ಕಟ್ಟೆ ಮೇಲೆ ಇಟ್ಟೆ, ಪಟ್ ಅಂತ ಸೀಳಿತು. ಒಣ ಬಟ್ಟೆ ಹಾಸಿಯೇ ಇಡಿ. ಬಿಸಿ ತಡೆಯುವ ಬೊರೊಸಿಲಿಕೇಟ್ ಗಾಜೇ ಆಗಬೇಕು. ಪ್ಲಾಸ್ಟಿಕ್ ಬಟ್ಟಲಂತೂ ಬೇಡವೇ ಬೇಡ.

ಮೇಷ್ಟ್ರು, ಕಡೂರು:
"ಎತ್ತರದ ಮಾತು ಸುಳ್ಳು" ಅನ್ನುವವರು ಒಂದು ಪಾತ್ರೆ ನೀರು ಕುದಿಸಿ ಅದೇ ಥರ್ಮಾಮೀಟರ್ ಇಟ್ಟು ನೋಡಲಿ. 100 ತೋರಿಸಿದರೆ ಅದು ಕೆಟ್ಟಿದೆ. ಆಗ ನಿಮ್ಮ 150 ಕೂಡ 150 ಅಲ್ಲ.

ಅರಸೀಕೆರೆ ತೆಂಗು:
ಬೆಲ್ಲಕ್ಕೆ ಇದ್ಯಾವುದೂ ಬೇಡ. ಕರಗಿಸಿ, ಸೋಸಿ, ಕಾಯಿಸಿದರೆ ಆಯಿತು. ಲಿಕ್ವಿಡ್ ಗ್ಲೂಕೋಸ್ ಯಾಕೆ ಹಾಕಬೇಕು ಅಂತ ಯಾರೂ ಹೇಳಲಿಲ್ಲ.

ಗಿರಿತಪ್ಪಲು, ಚಿಕ್ಕಮಗಳೂರು:
ಸಕ್ಕರೆ ಮತ್ತೆ ಹರಳುಗಟ್ಟದಿರಲಿ ಅಂತ. ಅದಿಲ್ಲದಿದ್ದರೆ ಕೆಲವು ಸಲ ಬಟ್ಟಲು ಪೂರ್ತಿ ಮರಳಿನಂತಾಗುತ್ತದೆ. ಬೆಲ್ಲದಲ್ಲಿ ಆ ಗುಣದ ಸಕ್ಕರೆ ತಾನಾಗೇ ಸ್ವಲ್ಪ ಇರುತ್ತದೆ, ಅದಕ್ಕೇ ನಿಮಗೆ ಬೇಕಾಗಿಲ್ಲ. ಮೇಷ್ಟ್ರೇ, ನಾನು ನೀರು ಕುದಿಸಿ ನೋಡಿದೆ. 96 ತೋರಿಸಿತು.

ಹಾಸನದ ಅಡುಗೆಮನೆ:
ನಾನೂ ನೋಡಿದೆ. 97. ಈಗ ಹೇಳಿ, ಎರಡು ಊರಿಗೂ ವ್ಯತ್ಯಾಸ ಒಂದೇ ಡಿಗ್ರಿ. ಅದಕ್ಕೆ ಕಡಲೆ ಕಪ್ಪಾಗುತ್ತದಾ? ಅವರಿಗೆ ಕಪ್ಪಾಗಿದ್ದು ನಡುವಿನ ಕಡಲೆ ಮಾತ್ರ. ಎತ್ತರದಿಂದ ಆದರೆ ಇಡೀ ಬಟ್ಟಲು ಆಗಬೇಕಿತ್ತು. ಮೈಕ್ರೋವೇವ್ ಒಳಗೆ ಒಂದು ಕಡೆ ಜಾಸ್ತಿ ಕಾಯುತ್ತದೆ, ಒಂದು ಕಡೆ ಕಮ್ಮಿ. ತಟ್ಟೆ ತಿರುಗಿದರೂ ನಡುಮಧ್ಯ ಅಲ್ಲೇ ಇರುತ್ತದೆ. 4 ನಿಮಿಷ ಬಾಗಿಲು ತೆರೆಯದೆ ಬಿಟ್ಟರೆ ಇನ್ನೇನಾಗುತ್ತದೆ? ನಾನು ಮೊದಲೇ ಹೇಳಿದೆ, ಪಾಕ ನೋಡಬೇಕು ಅಂತ.

ಮೇಷ್ಟ್ರು, ಕಡೂರು:
97 ಅಂತ ನೀವೇ ಒಪ್ಪಿದಿರಲ್ಲ, 100 ಅಲ್ಲ. ನಾನು ಹೇಳಿದ್ದೂ ಅದನ್ನೇ.

ಹಾಸನದ ಅಡುಗೆಮನೆ:
"ಒಪ್ಪಿದಿರಿ" ಅಂತ ನನ್ನ ಬಾಯಿಗೆ ಮಾತು ತುರುಕಬೇಡಿ. ನೀರು 97ಕ್ಕೆ ಕುದಿಯಿತು ಅಂದೆ. ಮಿಠಾಯಿ ಎತ್ತರದಿಂದ ಕೆಟ್ಟಿತು ಅಂತ ಒಪ್ಪಿಲ್ಲ. ಮೂವತ್ತು ವರ್ಷದಿಂದ ಪಾಕ ತೆಗೆಯುತ್ತಿದ್ದೇನೆ. ಒಂದು ಸಲ ಮಾಡಿದವರು ಬಂದು ಸಕ್ಕರೆಗೆ ಭೂಗೋಳ ಕಲಿಸಿದರೆ ಬೇಜಾರಾಗುವುದಿಲ್ಲವಾ?

ಗಿರಿತಪ್ಪಲು, ಚಿಕ್ಕಮಗಳೂರು:
"ಒಂದು ಸಲ" ಅಲ್ಲ, ಎರಡು ಸಲ. ಎರಡನೇ ಸಲ ಚೆನ್ನಾಗಿ ಬಂತು ಅಂತಲೂ ಬರೆದಿದ್ದೇನೆ.

ಹಾಸನದ ಅಡುಗೆಮನೆ:
ಎರಡನೇ ಸಲ ಜಾಸ್ತಿ ಸಲ ತಿರುವಿದಿರಾ, ಇಲ್ಲವಾ? ಅದನ್ನು ಹೇಳಿ.

ಗಿರಿತಪ್ಪಲು, ಚಿಕ್ಕಮಗಳೂರು:
ಎರಡು ನಿಮಿಷಕ್ಕೊಮ್ಮೆ ತಿರುವಿದೆ. ಆದರೆ ಚೆನ್ನಾಗಿ ಬಂದಿದ್ದು 146ಕ್ಕೆ ನಿಲ್ಲಿಸಿದ್ದಕ್ಕೇ.

ಸಕಲೇಶಪುರ ಮಳೆ:
ಜಿಗುಟಿನ ಪ್ರಶ್ನೆ ಹಾಗೇ ಉಳಿಯಿತು. ಇನ್ನೊಂದು, ನಮ್ಮಲ್ಲಿ ಮಳೆ ಬಂದರೆ ವೋಲ್ಟೇಜ್ ಬಿದ್ದುಹೋಗುತ್ತದೆ. ಆಗ 10 ನಿಮಿಷ ಇಟ್ಟರೂ ಪಾಕ ಬಿಳಿಯಾಗೇ ಇರುತ್ತದೆ. ನಿಮಿಷದ ಲೆಕ್ಕ ಹೇಳುವವರು ಇದನ್ನೂ ಹೇಳಬೇಕು.

ಹಾಸನದ ಅಡುಗೆಮನೆ:
ನೋಡಿ, ಗ್ಯಾಸ್ ಒಲೆಗೆ ವೋಲ್ಟೇಜ್ ಬೇಡ.

ಮೇಷ್ಟ್ರು, ಕಡೂರು:
ಸಕಲೇಶಪುರದವರಿಗೆ: ಸಕ್ಕರೆ ಗಾಳಿಯ ತೇವ ಹೀರುತ್ತದೆ. ಪೂರ್ತಿ ಆರಿದ ಕೂಡಲೇ ಮುರಿದು, ಗಟ್ಟಿ ಮುಚ್ಚಳದ ಡಬ್ಬಿಗೆ ಹಾಕಿ. ಬಿಸಿ ಇರುವಾಗ ಹಾಕಿದರೆ ಒಳಗೇ ಬೆವರುತ್ತದೆ. ಫ್ರಿಜ್ ಬೇಡ. ಪಾಕ ಸ್ವಲ್ಪ ಎಳೆಯದಾದರೂ ಜಿಗುಟು ಬರುತ್ತದೆ. ನಿಮ್ಮ ಊರಿನ ಎತ್ತರಕ್ಕೆ 147 ನೋಡಿ.

ಹಾಸನದ ಅಡುಗೆಮನೆ:
ಮತ್ತೆ ಎತ್ತರ ತಂದಿರಿ.

ಅರಸೀಕೆರೆ ತೆಂಗು:
ಮಕ್ಕಳು ಹತ್ತಿರ ಇದ್ದರೆ ಜೋಪಾನ. ಈ ಮಾತಿನಲ್ಲಾದರೂ ಜಗಳ ಬೇಡ. ಪಾಕ ಕುದಿಯುವ ನೀರಿಗಿಂತ 50 ಡಿಗ್ರಿ ಜಾಸ್ತಿ ಬಿಸಿ, ಚರ್ಮಕ್ಕೆ ಅಂಟಿಕೊಂಡು ಸುಡುತ್ತದೆ. ಬಿದ್ದರೆ ಕೀಳಲು ಹೋಗದೆ ನಲ್ಲಿ ನೀರಿನ ಕೆಳಗೆ 20 ನಿಮಿಷ ಹಿಡಿಯಿರಿ. ಮತ್ತೆ, ಇದಕ್ಕೆ ಕಡಲೆ ಮಿಠಾಯಿ ಅಂತ ಹೆಸರು ನಾನು ಈಗಲೂ ಒಪ್ಪುವುದಿಲ್ಲ.

ಗಿರಿತಪ್ಪಲು, ಚಿಕ್ಕಮಗಳೂರು:
ಭಾನುವಾರ ಮತ್ತೆ ಮಾಡುತ್ತೇನೆ. ಎರಡು ನಿಮಿಷಕ್ಕೊಮ್ಮೆ ತಿರುವಿ 150ಕ್ಕೆ ಬಿಟ್ಟು ನೋಡುತ್ತೇನೆ. ಆಗಲೂ ಕಪ್ಪಾದರೆ ಹಾಸನದವರು ಏನು ಹೇಳುತ್ತಾರೋ ನೋಡೋಣ.

ಹಾಸನದ ಅಡುಗೆಮನೆ:
ಕಪ್ಪಾಗುವುದಿಲ್ಲ. ಫೋಟೋ ಹಾಕಿ.