ರಾತ್ರಿ ಅನ್ನ ಬಿಟ್ಟರೂ ತೂಕ ಇಳೀತಿಲ್ಲ, ಎಲ್ಲಿ ತಪ್ಪಾಗ್ತಿದೆ?

ಪ್ರಶ್ನೆ: ಮಧ್ಯಾಹ್ನ 1ಕ್ಕೆ ಊಟ. ಸಂಜೆ 6ಕ್ಕೆ ಕಾಫಿ, ಜೊತೆಗೆ ಖಾರ ಮಿಕ್ಸ್ಚರ್. ರಾತ್ರಿ 10ಕ್ಕೆ ಅನ್ನದ ಬದಲು ಎರಡು ಮುದ್ದೆ, ಸಾರು. ರಾಗಿ ಎಷ್ಟು ತಿಂದರೂ ದಪ್ಪ ಆಗಲ್ಲ ಅಂತಾರೆ, ನಿಜಾನಾ?

ಉತ್ತರ 1: ಇಲ್ಲ. 100 ಗ್ರಾಂ ರಾಗಿ ಹಿಟ್ಟಲ್ಲಿ ಸುಮಾರು 320 ಕ್ಯಾಲೊರಿ, ಅಷ್ಟೇ ಅಕ್ಕಿಯಲ್ಲಿ 350ರ ಆಸುಪಾಸು. ರಾಗಿಯ ಲಾಭ ಇರೋದು ನಾರಿನಲ್ಲಿ. ಒಂದು ಸಲ ಹಿಟ್ಟು ತೂಗಿ ನೋಡಿ. 60 ಗ್ರಾಂ ಹಿಟ್ಟಿನ ಒಂದೇ ಮುದ್ದೆ ಮಾಡ್ಕೊಳ್ಳಿ, ಎರಡನೇ ಮುದ್ದೆ ಜಾಗಕ್ಕೆ ಒಂದು ಬಟ್ಟಲು ಸೊಪ್ಪು-ಕಾಳಿನ ಪಲ್ಯ.

ಉತ್ತರ 2: ನನ್ನ ಪ್ರಕಾರ ಮುದ್ದೆಗಿಂತ ಮಿಕ್ಸ್ಚರ್ ದೊಡ್ಡ ತಪ್ಪು. 50 ಗ್ರಾಂಗೇ 250 ಕ್ಯಾಲೊರಿ ದಾಟುತ್ತೆ, ಪೊಟ್ಟಣಕ್ಕೇ ಕೈ ಹಾಕಿದರೆ ಲೆಕ್ಕವೇ ಸಿಗಲ್ಲ. ಬದಲಿಗೆ ಉಸಲಿ ಮಾಡಿ: 30 ಗ್ರಾಂ ಕಡಲೆಕಾಳು ರಾತ್ರಿಯೇ ನೆನೆಹಾಕಿ, ಬೆಳಿಗ್ಗೆ ಕುಕ್ಕರಲ್ಲಿ ಬೇಯಿಸಿ ಫ್ರಿಜ್ಜಲ್ಲಿಡಿ. ಸಂಜೆ ಒಂದು ಟೀ ಚಮಚ ಎಣ್ಣೆಯಲ್ಲಿ ಸಾಸಿವೆ, ಕರಿಬೇವು, ಇಂಗಿನ ಒಗ್ಗರಣೆ ಕೊಟ್ಟರೆ ಹತ್ತೇ ನಿಮಿಷ. ಎಣ್ಣೆಯನ್ನು ಬಾಟಲಿಯಿಂದ ನೇರ ಸುರಿಯಬೇಡಿ! ಒಂದು ಊಟದ ಚಮಚ ಹೆಚ್ಚು ಬಿದ್ದರೆ 120 ಕ್ಯಾಲೊರಿ ಸೇರಿತು, ಉಳಿಸಿದ್ದೆಲ್ಲ ಹೋಯ್ತು. ತೆಂಗಿನತುರಿಯೂ ಒಂದು ಚಮಚ ಸಾಕು.

ಉತ್ತರ 3: ಊಟ 8ಕ್ಕೆ ತನ್ನಿ, ಮಲಗುವ ಮುಂಚೆ ಎರಡು ಮೂರು ಗಂಟೆ ಸಿಗುತ್ತೆ. ಊಟವನ್ನೇ ಬಿಡಬೇಡಿ, ಹನ್ನೊಂದಕ್ಕೆ ಬಿಸ್ಕತ್ ಡಬ್ಬಿ ತೆಗೀತೀರಿ. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ಇದ್ದರೆ ಮಾತ್ರ ಡಾಕ್ಟರನ್ನು ಕೇಳದೆ ಹೊತ್ತು, ಪ್ರಮಾಣ ಬದಲಿಸಬೇಡಿ. ಸಕ್ಕರೆ ಏಕಾಏಕಿ ಇಳಿದು ನಡುಕ, ಬೆವರು ಬರಬಹುದು.