ಪವರ್‌ಹೆಡ್‌ಗೆ ಸಿಕ್ಕಿ ಹರಿದ ಅನೆಮನಿ: ಪಾದ ಕಲ್ಲಿಗೆ ಕಚ್ಚುತ್ತಿಲ್ಲ, ಬಾಯಿ ಅರ್ಧ ತೆರೆದಿದೆ

ಪ್ರಶ್ನೆ – ಮಣ್ಣಗುಡ್ಡ, ಮಂಗಳೂರು

200 ಲೀಟರ್ ಉಪ್ಪುನೀರಿನ ಅಕ್ವೇರಿಯಂ ಟ್ಯಾಂಕ್, ಹತ್ತು ತಿಂಗಳು ಹಳತು. ಬಬಲ್ ಟಿಪ್ ಜಾತಿಯ ಅನೆಮನಿ (ಕಲ್ಲಿಗೆ ಪಾದ ಕಚ್ಚಿ ಬದುಕುವ ಹೂವಿನಂಥ ಕಡಲಪ್ರಾಣಿ), ಅರಳಿದರೆ ಅಂಗೈಯಗಲ. ನಿನ್ನೆ ರಾತ್ರಿ ಮಳೆಗೆ ಎರಡು ಗಂಟೆ ಕರೆಂಟ್ ಇರಲಿಲ್ಲ. ಬೆಳಿಗ್ಗೆ ನೋಡುವಾಗ ಪವರ್‌ಹೆಡ್‌ನ (ಟ್ಯಾಂಕಿನೊಳಗೆ ನೀರು ಹರಿಸುವ ಪಂಪ್) ಬಾಯಿಗೆ ಸಿಕ್ಕಿಕೊಂಡಿತ್ತು. ಪಂಪ್ ಆಫ್ ಮಾಡಿ ಬಿಡಿಸಿದ್ದೇನೆ. ಎಂಟು-ಹತ್ತು ಟೆಂಟಕಲ್ (ಬಾಯಿಯ ಸುತ್ತಲಿನ ಬೆರಳಿನಂಥ ತೋಳು) ಹೋಗಿವೆ. ಪಾದದ ಅಂಚಿನಲ್ಲಿ ಒಂದು ಸೆಂಟಿಮೀಟರ್ ಸೀಳು, ಅದರಿಂದ ಬಿಳಿ ನೂಲಿನಂಥದ್ದು ಹೊರಗೆ ಬಂದಿದೆ. ಕಲ್ಲಿನ ಮೇಲಿಟ್ಟರೆ ಉರುಳಿ ಬೀಳುತ್ತದೆ. ಕ್ಲೌನ್ ಮೀನಿನ ಜೋಡಿ ಅದರ ಮೇಲೆಯೇ ಹೊರಳುತ್ತಿವೆ. ಉಪ್ಪು 1.025 (ಸಾಪೇಕ್ಷ ಸಾಂದ್ರತೆ), ಉಷ್ಣತೆ 28.5 ಡಿಗ್ರಿ, ನೈಟ್ರೇಟ್ 15, ಅಮೋನಿಯಾ ಸೊನ್ನೆ. ಪೊವಿಡೋನ್ ಅಯೋಡಿನ್ ನೀರಲ್ಲಿ ಅದ್ದಬಹುದಾ? ಸೀಗಡಿ ತಿನ್ನಿಸಿದರೆ ಬೇಗ ಗುಣ ಆಗ್ತದಾ?

ಉತ್ತರ – ಮಲ್ಪೆ

ಎರಡೂ ಬೇಡ. ಮೊದಲು ಕ್ಲೌನ್‌ಗಳಿಂದ ಅದನ್ನು ಬಿಡಿಸಿ. ಮೀನಿಗೆ ಪ್ರೀತಿ, ಇದಕ್ಕೆ ಪ್ರಾಣಸಂಕಟ. ದಿನವಿಡೀ ಉಜ್ಜುತ್ತಿದ್ದರೆ ಸೀಳು ಕೂಡುವುದಿಲ್ಲ, ಪಾದವೂ ಕಚ್ಚುವುದಿಲ್ಲ. ಸನ್ಯಾಸಿ ಏಡಿ, ಪೆಪ್ಪರ್‌ಮಿಂಟ್ ಸೀಗಡಿ ಇದ್ದರೆ ಅವೂ ಗಾಯ ಕೀಳುತ್ತವೆ.

ಅಕ್ಕಿ ತೊಳೆಯುವ ಪ್ಲಾಸ್ಟಿಕ್ ಜರಡಿ ಬುಟ್ಟಿ ಸಾಕು. ಹೊಸತಾಗಿರಲಿ, ಸೋಪು ಮುಟ್ಟಿರಬಾರದು. ತಳದಲ್ಲಿ ಟ್ಯಾಂಕಿನದ್ದೇ ಎರಡು-ನಾಲ್ಕು ಸೆಂಟಿಮೀಟರಿನ ಕಲ್ಲುಚೂರುಗಳನ್ನು ನಡುನಡುವೆ ಸಂದು ಬಿಟ್ಟು ಹರಡಿ. ಈ ಜಾತಿ ಪಾದ ಇಳಿಸಲು ಸಂದನ್ನೇ ಹುಡುಕುತ್ತದೆ, ಚಪ್ಪಟೆ ಕಲ್ಲಿನ ಮೇಲಿಟ್ಟದ್ದಕ್ಕೇ ನಿಮ್ಮದು ಉರುಳಿದ್ದು. ಮರಳಿನ ಮೇಲಂತೂ ಇಡಬೇಡಿ, ಕಾಳುಗಳು ಸೀಳಿನೊಳಗೆ ಹೋಗುತ್ತವೆ. ಬುಟ್ಟಿಯ ಬಾಯಿಗೆ ನೈಲಾನ್ ಸೊಳ್ಳೆನೆಟ್ ಕಟ್ಟಿ, ನೀರಿನ ಮಟ್ಟದಿಂದ ಹತ್ತು-ಹದಿನೈದು ಸೆಂಟಿಮೀಟರ್ ಕೆಳಗೆ ತೂಗುಹಾಕಿ. ಹರಿವು ಟೆಂಟಕಲ್ ಅಲುಗುವಷ್ಟಿರಲಿ, ಮೈ ಹೊರಳುವಷ್ಟು ಬೇಡ.

ಸಾಗಿಸುವಾಗ ನೀರಿನಿಂದ ಮೇಲೆತ್ತಲೇಬೇಡಿ. ಒಳಗೆ ತುಂಬಿದ ನೀರಿನ ಭಾರಕ್ಕೆ ಸೀಳು ಇನ್ನಷ್ಟು ಬಿಡುತ್ತದೆ. ಬಟ್ಟಲನ್ನು ಟ್ಯಾಂಕಿನೊಳಗೇ ಮುಳುಗಿಸಿ, ಅದರಲ್ಲಿ ತೇಲಿಸಿಕೊಂಡು ಬುಟ್ಟಿಗೆ ಬಿಡಿ. ಕೈಗೆ ಪುಡಿ ಇಲ್ಲದ ನೈಟ್ರೈಲ್ ಗ್ಲೌಸ್.

ಆ ಬಿಳಿ ನೂಲು ಜೀರ್ಣಾಂಗದ ಎಳೆ. ಎಳೆಯಬೇಡಿ, ಕತ್ತರಿಸಬೇಡಿ. ತಾನಾಗಿ ಒಳಗೆ ಹೋಗುತ್ತದೆ, ಇಲ್ಲವೇ ಉದುರುತ್ತದೆ. ಹೋದ ಟೆಂಟಕಲ್‌ಗಳ ಲೆಕ್ಕ ಬಿಟ್ಟುಬಿಡಿ, ಅವು ಮತ್ತೆ ಬರುತ್ತವೆ. ಬಬಲ್ ಟಿಪ್ ತನ್ನನ್ನು ತಾನೇ ಉದ್ದಕ್ಕೆ ಸೀಳಿಕೊಂಡು ಎರಡಾಗುವ ಪ್ರಾಣಿ. ಮರಿ ಮಾಡಿ ಮಾರುವವರು ಬ್ಲೇಡಿನಿಂದ ಬಾಯಿಯ ನಡುವೆಯೇ ಕೊಯ್ಯುತ್ತಾರೆ, ಅಂಚು ಒಳಕ್ಕೆ ಸುರುಳಿಯಾಗಿ ಕೂಡಿಕೊಳ್ಳುತ್ತದೆ. ಪಂಪಿನ ಗಾಯ ಹಾಗೆ ನಯವಾಗಿರುವುದಿಲ್ಲ. ಚಿಂದಿಯಾದ ಅಂಚು ಕೊಳೆತು ನೀರು ಕೆಟ್ಟರೆ ಅದೇ ಮುಳುವು.

ದಿನಕ್ಕೆ ಒಂದೆರಡು ಸಲ ಗಾಳಿ ಬಿಟ್ಟ ಬಲೂನಿನಂತೆ ಕುಗ್ಗಿ, ಬಾಯಿಂದ ಕಂದು ಲೋಳೆ ಉಗುಳಿದರೆ ಹೆದರಬೇಡಿ. ಹೊಟ್ಟೆಯ ಹಳೆ ನೀರನ್ನೂ, ಅದರ ಮೈಯೊಳಗೆ ಬದುಕಿ ಅದಕ್ಕೆ ಊಟ ಕೊಡುವ ಪಾಚಿಯಲ್ಲಿ ಹೆಚ್ಚಾದದ್ದನ್ನೂ ಹೊರಹಾಕುತ್ತಿದೆ ಅಷ್ಟೆ. ಬಾಯಿ ಹೊರಮಗುಚಿ ಹಾಗೇ ಉಳಿದು, ಪೈಪೆಟ್ಟಿನಿಂದ ಮೆಲ್ಲಗೆ ನೀರು ಊದಿದರೆ ಮಾಂಸ ಕರಗಿದ ಜೆಲ್ಲಿಯಂತೆ ಹಾರಿ, ಕೊಳೆತ ಮೊಟ್ಟೆಯ ವಾಸನೆ ಬಂದರೆ ಕಥೆ ಮುಗಿಯಿತು. ಆಗ ಬೆಳಗಾಗಲಿ ಎಂದು ಕಾಯದೆ ತೆಗೆದುಹಾಕಿ, 200 ಲೀಟರಿನಲ್ಲಿ ಇಷ್ಟು ದೊಡ್ಡದು ಕರಗಿದರೆ ಮೀನುಗಳೂ ಉಳಿಯುವುದಿಲ್ಲ.

ಉತ್ತರ – ಸುರತ್ಕಲ್

ನೀರಿನ ಬಗ್ಗೆ ನನ್ನದು. ಇವತ್ತು 20 ಲೀಟರ್, ನಾಡಿದ್ದು ಇನ್ನೊಂದು 20 ಲೀಟರ್ ಬದಲಾಯಿಸಿ. ಒಮ್ಮೆಲೇ ಅರ್ಧ ಟ್ಯಾಂಕ್ ಬದಲಾಯಿಸಿದರೆ ಗಾಯದ ಮೇಲೆ ಇನ್ನೊಂದು ಪೆಟ್ಟು. 20 ಲೀಟರ್ ಆರ್‌ಒ ನೀರಿಗೆ ಸುಮಾರು 750 ಗ್ರಾಂ ರೀಫ್ ಸಾಲ್ಟ್, ಬ್ರಾಂಡಿನ ಮೇಲೆ ಸ್ವಲ್ಪ ಹೆಚ್ಚುಕಡಿಮೆ. ಹನ್ನೆರಡು ಗಂಟೆಯಾದರೂ ಪಂಪ್ ಹಾಕಿ ಕಲಸಿ, ಉಪ್ಪು-ಉಷ್ಣತೆ ಟ್ಯಾಂಕಿನಷ್ಟೇ ಇದೆಯೆಂದು ನೋಡಿ ಹಾಕಿ. ಉಪ್ಪು ಅಳೆಯುವ ರಿಫ್ರಾಕ್ಟೊಮೀಟರನ್ನು 35 ಪಿಪಿಟಿ (ಸಾವಿರಕ್ಕೆ 35 ಭಾಗ ಉಪ್ಪು) ದ್ರಾವಣದಲ್ಲಿ ಸರಿಹೊಂದಿಸಿರಬೇಕು, ಬರೀ ಆರ್‌ಒ ನೀರಿನಲ್ಲಿ ಸೊನ್ನೆ ತೋರಿಸಿದರೆ ಸಾಲದು.

ಕಡಲು ಹತ್ತಿರವೇ ಉಂಟಲ್ಲ, ಒಂದು ಕ್ಯಾನ್ ತರೋಣ ಅಂತ ಮಾತ್ರ ಹೊರಡಬೇಡಿ. ಮಳೆಗಾಲದಲ್ಲಿ ನೇತ್ರಾವತಿ, ಫಲ್ಗುಣಿ ಎರಡರ ಸಿಹಿನೀರೂ ಬೆಂಗ್ರೆಯ ಅಳಿವೆಬಾಗಿಲಿನಿಂದ ಕಡಲಿಗೆ ಬೀಳುತ್ತದೆ. ತಣ್ಣೀರುಬಾವಿಯ ದಡದಲ್ಲಿ ಉಪ್ಪು ಇಳಿದಿರುತ್ತದೆ, ಕೆಸರು ಬೇರೆ. ಮೀನುಗಾರಿಕೆ ದಕ್ಕೆಯ ಹತ್ತಿರದ ನೀರಿನಲ್ಲಿ ಡೀಸೆಲ್, ದೋಣಿಯ ಪೇಂಟಿನ ತಾಮ್ರ. ಅನೆಮನಿಗೆ ತಾಮ್ರ ಅಂದರೆ ವಿಷವೇ. ಮೀನಿನ ಬಿಳಿಚುಕ್ಕಿಗೆ ಹಾಕುವ ತಾಮ್ರದ ಔಷಧಿಯೂ ಆ ಟ್ಯಾಂಕಿಗೆ ಎಂದೂ ಬೇಡ. ಮುರಕಲ್ಲು ನೆಲದ ಬಾವಿನೀರಲ್ಲಿ ಕಬ್ಬಿಣ ಇರಬಹುದು, ತುಂಬೆಯ ನಳ್ಳಿನೀರಲ್ಲಿ ಕ್ಲೋರಿನ್. ಎರಡನ್ನೂ ನೇರ ಹಾಕಬೇಡಿ.

100 ಗ್ರಾಂ ಆಕ್ಟಿವೇಟೆಡ್ ಕಾರ್ಬನ್ ತೊಳೆದು ಚೀಲದಲ್ಲಿ ಹಾಕಿ, ಗಾಯದಿಂದ ಬಿಟ್ಟ ವಿಷ ಹೀರಿಕೊಳ್ಳಲಿ. ನೊರೆಯೊಂದಿಗೆ ಕೊಳೆ ತೆಗೆಯುವ ಸ್ಕಿಮ್ಮರ್ ನಿಲ್ಲಿಸಬೇಡಿ. 28.5 ಡಿಗ್ರಿ ಜಾಸ್ತಿಯಾಯಿತು: ಆಮ್ಲಜನಕ ಕಡಿಮೆ, ಬ್ಯಾಕ್ಟೀರಿಯಾಕ್ಕೆ ಹಬ್ಬ. ದಿನಕ್ಕೆ ಒಂದು ಡಿಗ್ರಿಯಂತೆ 26ಕ್ಕೆ ಇಳಿಸಿ. ಈ ತೇವದ ಹವೆಯಲ್ಲಿ ಫ್ಯಾನ್ ಹಾಕಿ ಹೆಚ್ಚು ಇಳಿಯದು, ಚಿಲ್ಲರ್ ಇಲ್ಲದಿದ್ದರೆ ಕೋಣೆಯ ಎಸಿಯೇ ಗತಿ. ಲೈಟ್ ಶೇಕಡಾ 60ಕ್ಕೆ ಇಳಿಸಿ, ಎಂಟು ಗಂಟೆ ಇರಲಿ. ಪೂರ್ತಿ ಕತ್ತಲೆ ಮಾಡಿದರೆ ಒಳಗಿನ ಪಾಚಿಗೆ ಕೆಲಸವಿಲ್ಲ, ಅನೆಮನಿಗೆ ಊಟವಿಲ್ಲ.

ಉತ್ತರ – ಕುಂಜಿಬೆಟ್ಟು, ಉಡುಪಿ

ಅಯೋಡಿನ್ ಬಗ್ಗೆ ಒಂದು ಮಾತು. ಹವಳದ ತುಂಡುಗಳನ್ನು ಲುಗೋಲ್ ಎಂಬ ಅಯೋಡಿನ್ ದ್ರಾವಣದಲ್ಲಿ ಅದ್ದುವ ರೂಢಿ ಇದೆ ನಿಜ, ಸೌಮ್ಯವಾಗಿ ಒಮ್ಮೆ ಅದ್ದಿದರೆ ತೊಂದರೆ ಇರಲಿಕ್ಕಿಲ್ಲ ಅಲ್ವಾ?

ಉತ್ತರ – ಮಲ್ಪೆ

ಹವಳಕ್ಕೆ ಒಳಗೆ ಗಟ್ಟಿ ಅಸ್ಥಿ ಉಂಟು, ಮಾಂಸ ತೆಳು ಪದರ. ಇಲ್ಲಿ ಸೀಳು ನೇರ ಹೊಟ್ಟೆಗೇ ತೆರೆದಿದೆ ಮಾರಾಯ್ರೆ, ಅದ್ದಿದ್ದೆಲ್ಲ ಒಳಗೆ ಹೋಗುತ್ತದೆ. ಔಷಧಿ ಅಂಗಡಿಯ ಸ್ಕ್ರಬ್ ಆದರೆ ಅದರಲ್ಲಿ ಡಿಟರ್ಜೆಂಟೂ ಇರುತ್ತದೆ. ಸಿಪ್ರೊಫ್ಲಾಕ್ಸಸಿನ್ ಎಂಬ ಆಂಟಿಬಯೋಟಿಕ್ ಕೊಡುವವರೂ ಇದ್ದಾರೆ. ಅದು ದಿನಗಟ್ಟಲೆ ಬಾಯಿ ಮುಚ್ಚದೆ, ಕುಗ್ಗುತ್ತ-ಉಬ್ಬುತ್ತ ಸೊರಗುವ ಸೋಂಕಿನ ಅನೆಮನಿಗೆ. ಪ್ರತ್ಯೇಕ ಟ್ಯಾಂಕ್, ದಿನವೂ ಪೂರ್ತಿ ನೀರು ಬದಲಾವಣೆ, ಬೆಳಕಿಗೆ ಕೆಡುವುದರಿಂದ ಲೈಟ್ ಆರಿದ ಮೇಲೆ ಡೋಸ್. ನಿನ್ನೆ ಹರಿದ ಪಾದಕ್ಕೆ ಅದು ಬೇಕಿಲ್ಲ.

ಪ್ರಶ್ನೆ ಕೇಳಿದವರು – ನಾಲ್ಕನೇ ದಿನ

ಉಷ್ಣತೆ 26.5. ಬಾಯಿ ಮುಚ್ಚಿ ಸಣ್ಣ ಗೆರೆಯಾಗಿದೆ, ಬಿಳಿ ನೂಲು ಕಾಣುತ್ತಿಲ್ಲ. ಪಾದದ ಒಂದು ಬದಿ ಒಂದು ಚೂರಿಗೆ ಕಚ್ಚಿದೆ. ಹಳೆ ಜಾಗಕ್ಕೆ ಇಡಲಾ?

ಉತ್ತರ – ಸುರತ್ಕಲ್

ಬೇಡ. ಕಚ್ಚಿದ್ದನ್ನು ಬಿಡಿಸಿದರೆ ಮೊದಲಿನಿಂದ ಶುರು. ಪೂರ್ತಿ ಹಿಡಿದ ಮೇಲೆ ಚೂರಿನ ಸಮೇತ ದೊಡ್ಡ ಕಲ್ಲಿನ ಸಂದಿಗೆ ಇಡಿ, ಬೇಕೆಂದಾಗ ಅದೇ ದಾಟಿಕೊಳ್ಳುತ್ತದೆ.

ಪ್ರಶ್ನೆ ಕೇಳಿದವರು – ಹತ್ತನೇ ದಿನ

ಸೀಳಿದ ಜಾಗ ಮಸುಕು ಗೆರೆಯಂತಿದೆ. ಮುಟ್ಟಿದರೆ ಟೆಂಟಕಲ್ ಅಂಟುತ್ತದೆ. ಈಗ ಊಟ ಕೊಡಬಹುದಾ?

ಉತ್ತರ – ಮಲ್ಪೆ

ಅಂಟುತ್ತದೆ ಅಂದರೆ ಕೊಡಬಹುದು. ತಾಜಾ ಎಟ್ಟಿ (ಸೀಗಡಿ) ತಂದು ಸಿಪ್ಪೆ, ಕರುಳು ತೆಗೆದು ಆರ್‌ಒ ನೀರಿನಲ್ಲಿ ತೊಳೆಯಿರಿ. ಉಪ್ಪು-ಅರಸಿನ ಸವರಿಟ್ಟದ್ದು ಬೇಡ. ಗೋಧಿಕಾಳಿನಷ್ಟು ತುಂಡು, ಪಂಪ್ ನಿಲ್ಲಿಸಿ ಟೆಂಟಕಲ್ ಮೇಲೆ ಇಡಿ. ಇಪ್ಪತ್ತು ನಿಮಿಷದಲ್ಲಿ ಬಾಯಿಗೆ ಒಯ್ಯದಿದ್ದರೆ ತೆಗೆದುಬಿಡಿ. ನುಂಗಿ ಮರುದಿನ ಹಾಗೇ ಉಗುಳಿದರೆ ತುಂಡು ದೊಡ್ಡದಾಯಿತು. ವಾರಕ್ಕೆ ಎರಡು ಸಲ ಸಾಕು. ಕ್ಲೌನ್‌ಗಳನ್ನು ಇನ್ನೂ ಎರಡು ವಾರ ಬಿಡಬೇಡಿ.

ಇನ್ನು ಪಂಪ್. ಓಡುವ ಪವರ್‌ಹೆಡ್‌ಗೂ ಅನೆಮನಿ ಸಿಕ್ಕಿಕೊಳ್ಳುವುದುಂಟು. ಕರೆಂಟ್ ಹೋಗಿ ಎಲ್ಲ ನಿಶ್ಶಬ್ದವಾದಾಗ ಹರಿವು ಹುಡುಕಿಕೊಂಡು ಹೊರಟು ಪಂಪಿನ ಜಾಲರಿಯ ಮೇಲೇ ಕೂರಲೂಬಹುದು. ಕರೆಂಟ್ ಬಂದ ಗಳಿಗೆಗೆ ಎಳೆದುಕೊಳ್ಳುವುದು. ಹಾಗಾಗಿ ಆ ಒಂದು ಪಂಪನ್ನು ಇನ್ವರ್ಟರ್ ಲೈನಿಗೆ ಹಾಕಿ. ಆಗದಿದ್ದರೆ ಕರೆಂಟ್ ಹೋದ ಕೂಡಲೇ ಸ್ವಿಚ್ ಆರಿಸಿಟ್ಟು, ಬ್ಯಾಟರಿ ಏರ್ ಪಂಪ್ ಹಾಕಿ. ಕರೆಂಟ್ ಬಂದ ಮೇಲೆ ಟಾರ್ಚ್ ಬಿಟ್ಟು ನೋಡಿಯೇ ಸ್ವಿಚ್ ಒತ್ತಿ. ಜಾಲರಿಗೆ ಒರಟು ಸ್ಪಂಜಿನ ತೋಳು ತೊಡಿಸಿ, ಪ್ಲಾಸ್ಟಿಕ್ ಜಿಪ್ ಟೈನಿಂದ ಬಿಗಿಯಿರಿ, ತಂತಿ ಬೇಡ. ಮೂರು ದಿನಕ್ಕೆ ಅದು ಕಟ್ಟಿ ಹರಿವು ಕುಗ್ಗುತ್ತದೆ, ಪಂಪ್ ಬಿಸಿಯಾಗುತ್ತದೆ. ಎರಡು ತೋಳು ಮಾಡಿಟ್ಟುಕೊಂಡು ಒಂದನ್ನು ತೊಳೆಯುವಾಗ ಇನ್ನೊಂದನ್ನು ಹಾಕಿ.